ಕೇಬಲ್ ಇಂಟರ್ನೆಟ್ ಬಿಡಿಸುವ ಮುಂಚೆ ಒಂದು ತಿಂಗಳ ಲೆಕ್ಕ

ನಾನು ದಾವಣಗೆರೆಯಲ್ಲಿ ಮನೆಯಿಂದಲೇ ನಾಲ್ಕೈದು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಮಂಡಿಪೇಟೆಯ ಕಿರಾಣಿ ಅಂಗಡಿ ಎರಡು, ಒಂದು ಬಟ್ಟೆ ಅಂಗಡಿ, ಒಂದು ಹಾರ್ಡ್‌ವೇರ್. ಊರವರ ಖರ್ಚನ್ನೆಲ್ಲ ಕಾಸು ಕಾಸಿಗೂ ಬರೆಯುವವಳು ನಮ್ಮನೆಯ ಇಂಟರ್ನೆಟ್ ಬಿಲ್ಲನ್ನು ಆರು ವರ್ಷ ಕಣ್ಣೆತ್ತಿ ನೋಡಿರಲಿಲ್ಲ. ಕೇಬಲ್ ಹುಡುಗ ತಿಂಗಳಿಗೊಮ್ಮೆ ಬಂದು "ಅಕ್ಕಾ, ನೆಟ್ಟಿಂದು" ಅನ್ನುತ್ತಿದ್ದ, ಕೊಟ್ಟು ಕಳಿಸುತ್ತಿದ್ದೆ. ಪ್ಲ್ಯಾನು 600 ರೂಪಾಯಿಯದು. ಆದರೆ ಬ್ರಾಡ್‌ಬ್ಯಾಂಡ್‌ನವರು ಹೇಳುವ ರೇಟಿನಲ್ಲಿ ಸಾಮಾನ್ಯವಾಗಿ ತೆರಿಗೆ ಸೇರಿರುವುದಿಲ್ಲ. ಮೇಲೆ 18% ಜಿಎಸ್‌ಟಿ ಬಿದ್ದು 708 ಆಗುತ್ತಿತ್ತು. ವರ್ಷಕ್ಕೆ 8,496. ಮೊಬೈಲ್ ಪ್ರಿಪೇಯ್ಡ್ ರೀಚಾರ್ಜಿನಲ್ಲಿ ಹಾಗಲ್ಲ, ಹೇಳಿದ ದರದಲ್ಲೇ ತೆರಿಗೆ ಸೇರಿರುತ್ತದೆ. ಎರಡನ್ನೂ ಹೋಲಿಸುವಾಗ ಮೊದಲು ಎಡವುವುದು ಇಲ್ಲೇ.

ಕಣ್ಣು ತೆರೆಸಿದ್ದು ಬಿಲ್ಲಲ್ಲ, ನಮ್ಮ ಮೂರು ಫೋನುಗಳು. ನನ್ನದರಲ್ಲಿ ದಿನಕ್ಕೆ 2 ಜಿಬಿ, ನಮ್ಮನೆಯವರದರಲ್ಲಿ 2, ಮಗಳದರಲ್ಲಿ 1.5. ಒಟ್ಟು ದಿನಕ್ಕೆ 5.5 ಜಿಬಿಗೆ ಆಗಲೇ ದುಡ್ಡು ಕೊಟ್ಟಾಗಿದೆ. ಮನೆಯಲ್ಲಿ ವೈಫೈ ಇರುವುದರಿಂದ ಅದರಲ್ಲಿ ಅರ್ಧ ಜಿಬಿಯೂ ಖರ್ಚಾಗುತ್ತಿರಲಿಲ್ಲ. ಉಳಿದದ್ದು ರಾತ್ರಿ ಹನ್ನೆರಡಕ್ಕೆ ಗಂಟುಮೂಟೆ ಕಟ್ಟುತ್ತಿತ್ತು. ಒಂದೇ ಸಾಮಾನಿಗೆ ಎರಡು ಕಡೆ ಬಿಲ್ ಕಟ್ಟುತ್ತಿದ್ದೆವು. ಕೇಬಲ್ ಬಿಡಿಸಿ, ಮೊಬೈಲ್ ಸಿಮ್ ಹಾಕುವ ರೂಟರಿನಿಂದಲೇ ಮನೆಗೆ ವೈಫೈ ಕೊಡಬಹುದಲ್ಲ ಅನ್ನಿಸಿತು. ನಿಮ್ಮನೆಯಲ್ಲೂ ಹೀಗೇ ಇದ್ದರೆ ಮಾತ್ರ ಮುಂದೆ ಓದಿ.

ಮೊದಲನೆಯ ಕೆಲಸ ರೂಟರ್ ಕೊಳ್ಳುವುದಲ್ಲ, ಅಳೆಯುವುದು. ನಿಮ್ಮ ಬ್ರಾಡ್‌ಬ್ಯಾಂಡ್ ಖಾತೆಗೆ ಲಾಗಿನ್ ಆದರೆ ತಿಂಗಳ ಬಳಕೆ ಕಾಣಿಸುತ್ತದೆ. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಕೇಬಲ್‌ನವರನ್ನೇ ಕೇಳಿ. ನಮ್ಮದು 143 ಜಿಬಿ ಇತ್ತು. ನೋಡಿ ಎದೆ ಧಸಕ್ಕೆಂದಿತು. ಆಮೇಲೆ ಪ್ರತಿ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಡೇಟಾ ಬಳಕೆ ಅಂತ ಇರುತ್ತದೆ, ಅದನ್ನು ಬರೆದುಕೊಳ್ಳಿ. ಲ್ಯಾಪ್‌ಟಾಪಿನಲ್ಲೂ ಇದೆ. ಇವನ್ನೆಲ್ಲ ಒಟ್ಟು ಮೊತ್ತದಿಂದ ಕಳೆದರೆ ಉಳಿಯುವುದು ಟಿವಿಯ ಪಾಲು. ನಮ್ಮ ಪಟ್ಟಿ ಹೀಗಿತ್ತು: ನಾನು 9, ನಮ್ಮನೆಯವರು 15, ಪಿಯುಸಿ ಓದುವ ಮಗಳ ಪಾಠದ ವಿಡಿಯೊ 31, ಟಿವಿ 88.

ಟಿವಿ ಅಂದರೆ ಅತ್ತೆಯವರು. ದಿನಕ್ಕೆ ಎರಡೂವರೆ ಗಂಟೆ, ಅಷ್ಟೇ. ಬೆಳಿಗ್ಗೆ ಪ್ರವಚನ, ಸಂಜೆ ಹಳೇ ಧಾರಾವಾಹಿ. ಆದರೆ ಟಿವಿ ದೊಡ್ಡದಾದಷ್ಟೂ ಯೂಟ್ಯೂಬು ತಾನಾಗಿಯೇ ಸಿಕ್ಕಷ್ಟು ಸ್ಪಷ್ಟ ಚಿತ್ರ ಎಳೆದುಕೊಳ್ಳುತ್ತದೆ. ಗಂಟೆಗೆ ಒಂದು ಜಿಬಿಗಿಂತ ಮೇಲೆ. ಅದೇ ಪ್ರವಚನವನ್ನು 480ಪಿ ಎಂಬ ಸಾಧಾರಣ ಸ್ಪಷ್ಟತೆಯಲ್ಲಿ ಇಟ್ಟರೆ ಗಂಟೆಗೆ ಅರ್ಧ ಜಿಬಿ ದಾಟುವುದಿಲ್ಲ. ಸ್ವಾಮೀಜಿಯವರ ಮುಖ ಎರಡರಲ್ಲೂ ಅದೇ.

ಎರಡನೆಯ ಕೆಲಸ ಸಿಗ್ನಲ್ ನೋಡುವುದು. ಫೋನಿನ ಮೇಲಿನ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಕಂಪನಿಯ ಫೋನು ಒಂದೊಂದು ಥರ ತೋರಿಸುತ್ತದೆ. ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ ಒಂದು ಪುಟ ತೆರೆಯುತ್ತದೆ. ಅದರಲ್ಲಿ ಆರ್‌ಎಸ್‌ಆರ್‌ಪಿ ಎಂಬ, ಸಿಗ್ನಲ್ಲಿನ ಬಲ ಹೇಳುವ ಒಂದು ಮೈನಸ್ ಸಂಖ್ಯೆ ಇರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. -90 ಇದ್ದರೆ ಚೆನ್ನ, -100 ಪರವಾಗಿಲ್ಲ, -110 ದಾಟಿದರೆ ಆಸೆ ಬಿಡಿ. ನಾನು ಫೋನು ಹಿಡಿದು ಮನೆಯೆಲ್ಲ ಸುತ್ತಿದೆ. ಅಡುಗೆಮನೆಯಲ್ಲಿ -114. ಹಾಲಿನಲ್ಲಿ ಟಿವಿ ಪಕ್ಕ -108. ಮಹಡಿ ಮೆಟ್ಟಿಲಿನ ಕಿಟಕಿಯಲ್ಲಿ -89! ಪ್ರತಿ ಮೂರು ಅಂಕಿಗೆ ಸಿಗ್ನಲ್ಲಿನ ಬಲ ಎರಡು ಪಟ್ಟಾಗುತ್ತದೆ, ಇಲ್ಲವೇ ಅರ್ಧಕ್ಕಿಳಿಯುತ್ತದೆ. ಅಂದರೆ ಆ ಕಿಟಕಿಯಲ್ಲಿ ಹಾಲಿಗಿಂತ ಸುಮಾರು 80 ಪಟ್ಟು ಬಲ. ನಡುವೆ ಇದ್ದದ್ದು ಒಂದು ಗೋಡೆ, ಒಂದು ಕಬ್ಬಿಣದ ಬೀರು. ಬೀರು ಸರಿಸಿ ನೋಡಿ, ಎಷ್ಟೋ ಮನೆಗಳಲ್ಲಿ ಅದೇ ಕಳ್ಳ.

ಟವರ್ ಯಾವ ದಿಕ್ಕಿಗಿದೆ ಅಂತ ಗೊತ್ತಾಗದಿದ್ದರೆ ಕೇಂದ್ರ ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ನಿಮ್ಮ ಬೀದಿ ಹುಡುಕಿ, ಸುತ್ತಲಿನ ಟವರುಗಳು ನಕ್ಷೆಯಲ್ಲಿ ಬರುತ್ತವೆ.

ಸ್ಪೀಡ್ ಪರೀಕ್ಷೆಯನ್ನು ಬೆಳಿಗ್ಗೆ ಹತ್ತಕ್ಕೆ ಮಾಡಿ ಖುಷಿಪಡಬೇಡಿ. ಕೇಬಲ್ಲಿನ ತಂತಿ ನಿಮ್ಮನೆಗೆ ಬರುತ್ತದೆ, ಟವರ್ ಇಡೀ ಬಡಾವಣೆಗೆ ಸೇರಿದ್ದು. ರಾತ್ರಿ ಎಂಟರಿಂದ ಹತ್ತು, ಊಟ ಮುಗಿಸಿ ಎಲ್ಲರೂ ಫೋನು ಹಿಡಿಯುವ ಹೊತ್ತಿನಲ್ಲಿ ನೋಡಬೇಕು. ನಮ್ಮ ಕಿಟಕಿಯಲ್ಲಿ ಬೆಳಿಗ್ಗೆ 38 ಎಂಬಿಪಿಎಸ್, ರಾತ್ರಿ ಒಂಬತ್ತಕ್ಕೆ 6. ಆರು ಸಾಕೇ? ಒಂದು ಟಿವಿ, ಒಂದು ಲ್ಯಾಪ್‌ಟಾಪಿಗೆ ಸಾಕು. ನಾಲ್ಕು ಜನ ಒಟ್ಟಿಗೆ ವಿಡಿಯೊ ಕಾಲಿನಲ್ಲಿ ಕೂರುವ ಮನೆಗೆ ಸಾಲದು. ಆ ಮನೆಯವರು ಕೇಬಲ್ಲೋ ಫೈಬರ್ರೋ ಇಟ್ಟುಕೊಳ್ಳಿ, ಆನ್‌ಲೈನ್ ಆಟ ಆಡುವ ಮಕ್ಕಳಿದ್ದರೂ ಅಷ್ಟೇ. ಬೇರೆ ಕಂಪನಿಯ ಸಿಮ್ ಇರುವ ನೆಂಟರು ಬಂದಾಗ ಅವರ ಫೋನಿನಲ್ಲೂ ಅದೇ ಕಿಟಕಿಯಲ್ಲಿ ಅಳೆಯಿರಿ. ನಮ್ಮ ಬೀದಿಯಲ್ಲಿ ಚೆನ್ನಾಗಿರುವುದು ನಿಮ್ಮ ಬೀದಿಯಲ್ಲಿ ಇರಬೇಕೆಂದಿಲ್ಲ.

ಇಷ್ಟಾದ ಮೇಲೆ ಎರಡು ವಾರ ಬಿಟ್ಟಿ ಪ್ರಯೋಗ. ಕೇಬಲ್ ಡಬ್ಬಿಯ ಸ್ವಿಚ್ ಆರಿಸಿ, ಫೋನಿನ ಹಾಟ್‌ಸ್ಪಾಟ್ ಹಾಕಿ. ಮಗಳು, ನಮ್ಮನೆಯವರು ತಂತಮ್ಮ ಸಿಮ್ಮಿನ ಡೇಟಾದಲ್ಲೇ ನಡೆಸಿಕೊಂಡರು, ಒಂದು ದಿನವೂ ಕಡಿಮೆ ಬೀಳಲಿಲ್ಲ. ತೊಂದರೆ ಬಂದದ್ದು ನಾನು ಮಂಡಿಪೇಟೆಗೆ ಹೋದಾಗ. ಫೋನಿನ ಜೊತೆ ಇಂಟರ್ನೆಟ್ಟೂ ಬ್ಯಾಗಿನಲ್ಲಿ ಹೊರಟಿತು. ಅಂಗಡಿಯಲ್ಲಿ ಕೂತಿರುವಾಗ ಅತ್ತೆಯ ಫೋನು: "ಟಿವಿ ಒಳಗೆ ಚಕ್ರ ತಿರುಗ್ತಾನೇ ಐತಿ, ನೀ ಯಾವಾಗ ಬರ್ತಿ?" ಸರಿ ಅಂತ ಹಳೆಯ ಫೋನಿಗೆ ಸಿಮ್ ಹಾಕಿ, ಚಾರ್ಜರ್ ಚುಚ್ಚಿ ಕಿಟಕಿಯಲ್ಲಿಟ್ಟೆ. ಇದನ್ನು ಮಾತ್ರ ಮಾಡಬೇಡಿ. ಇಪ್ಪತ್ತು ದಿನಕ್ಕೆ ಅದರ ಬೆನ್ನು ಮುಚ್ಚಳ ಉಬ್ಬಿ ಮೇಲೆದ್ದಿತ್ತು. ಹಗಲೂ ರಾತ್ರಿ ಚಾರ್ಜಿನಲ್ಲೇ ಬಿಸಿಯಾಗುವ ಬ್ಯಾಟರಿ ಊದಿಕೊಳ್ಳುತ್ತದೆ, ಬಿಸಿಲು ಬೀಳುವ ಕಿಟಕಿಯಲ್ಲಂತೂ ಕೇಳುವುದೇ ಬೇಡ.

ಹಾಗಾಗಿ ಸಿಮ್ ಹಾಕುವ 4ಜಿ ರೂಟರ್. ನನಗೆ 3,200 ರೂಪಾಯಿ ಬಿತ್ತು. ಕೊಳ್ಳುವಾಗ ಡಬ್ಬಿಯ ಮೇಲೆ ಎರಡು ವಿಷಯ ನೋಡಿ. ಒಂದು, ಯಾವ ಕಂಪನಿಯ ಸಿಮ್ಮಾದರೂ ನಡೆಯುತ್ತದೆಯೇ ಅಂತ. ಎರಡು, ಬ್ಯಾಂಡ್‌ಗಳು, ಅಂದರೆ ರೂಟರ್ ಹಿಡಿಯಬಲ್ಲ ರೇಡಿಯೊ ತರಂಗಗಳ ಪಟ್ಟಿ. ನಮ್ಮ ಕಡೆ 4ಜಿಗೆ 3, 5, 8, 40 ಇರುವುದನ್ನು ತೆಗೆದುಕೊಂಡರೆ ನಾಳೆ ಸಿಮ್ ಬದಲಿಸಿದರೂ ಚಿಂತೆಯಿಲ್ಲ. ಬ್ಯಾಂಡ್ 5 ಅಂದರೆ 850 ಮೆಗಾಹರ್ಟ್ಸ್, ಗೋಡೆ ದಾಟಿ ದೂರ ಬರುತ್ತದೆ, ವೇಗ ಕಡಿಮೆ. 40 ಅಂದರೆ 2300, ವೇಗ ಹೆಚ್ಚು, ಗೋಡೆ ಕಂಡರೆ ಸುಸ್ತು. ದುಬೈಯಿಂದ ಯಾರೋ ತಂದುಕೊಟ್ಟ ರೂಟರ್ ಅಂತ ಹಿಗ್ಗಬೇಡಿ, ಅಲ್ಲಿಯ ಕಂಪನಿಗೇ ಲಾಕ್ ಆಗಿರುವುದೂ ಉಂಟು.

ಇನ್ನೊಂದು ಮಾತು, ತುಂಬ ಜನ ಇಲ್ಲಿ ಮೋಸಹೋಗುತ್ತಾರೆ. ರೀಚಾರ್ಜಿನಲ್ಲಿ "ಅನ್‌ಲಿಮಿಟೆಡ್ 5ಜಿ" ಅಂತ ಬರೆದಿರುತ್ತದಲ್ಲ, ಅದು 4ಜಿ ರೂಟರಿಗೆ ಬರುವುದಿಲ್ಲ. ಅಲ್ಲಿ ದಿನದ ಕೋಟಾ ಎಷ್ಟಿದೆಯೋ ಅಷ್ಟೇ. 2024ರ ಜುಲೈನಲ್ಲಿ ದರ ಏರಿದ ಮೇಲೆ ಜಿಯೋ, ಏರ್‌ಟೆಲ್ ಎರಡರಲ್ಲೂ ಆ ಸೌಲಭ್ಯ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನ ಪ್ಲ್ಯಾನುಗಳಿಗೆ ಸೀಮಿತವಾಯಿತು.

ಸಿಮ್ ಯಾವುದು ಹಾಕಬೇಕು? ಬ್ಯಾಂಕಿಗೆ, ಆಧಾರಿಗೆ ಕೊಟ್ಟ ನಂಬರಂತೂ ಬೇಡ. ಒಟಿಪಿ ರೂಟರಿನ ಹೊಟ್ಟೆಯೊಳಗೆ ಹೋಗಿ ಕೂರುತ್ತದೆ. ಹೊಸ ಸಿಮ್ ತೆಗೆದುಕೊಂಡು ಮೊದಲು ಫೋನಿಗೆ ಹಾಕಿ ಚಾಲೂ ಮಾಡಿಸಿ, ಡೇಟಾ ಬರುವುದನ್ನು ಕಂಡ ಮೇಲೆ ರೂಟರಿಗೆ ವರ್ಗಾಯಿಸಿ. ರೂಟರಿಗೆ ಇಂಟರ್ನೆಟ್ ಬಾರದಿದ್ದರೆ ಫೋನಿನಲ್ಲಿದ್ದಾಗ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಎಪಿಎನ್ ಎಂಬಲ್ಲಿ ಏನಿತ್ತೋ ಅದನ್ನೇ ರೂಟರಿನಲ್ಲೂ ಬರೆಯಿರಿ. ರೀಚಾರ್ಜಿನಲ್ಲಿ 28 ದಿನದ ಲೆಕ್ಕಕ್ಕೆ ಬೀಳಬೇಡಿ, ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಕಟ್ಟಬೇಕಾಗುತ್ತದೆ. 349ರದ್ದನ್ನು ಹದಿಮೂರು ಸಲ ಹಾಕಿದರೆ 4,537. ನಾನು ಹಾಕಿಸಿದ್ದು ದಿನಕ್ಕೆ 2.5 ಜಿಬಿಯ 365 ದಿನದ ಪ್ಲ್ಯಾನು, 3,599. ಮೊದಲ ವರ್ಷ ರೂಟರಿನ ದುಡ್ಡು ಕಳೆದು ಉಳಿದದ್ದು ಬರೀ 1,697. ಎರಡನೆಯ ವರ್ಷದಿಂದ 4,897. ಮೊದಲ ವರ್ಷದ ಅಂಕಿ ನೋಡಿ ನಮ್ಮನೆಯವರು ನಕ್ಕರು, ಇಷ್ಟಕ್ಕೆ ಇಷ್ಟು ಓಡಾಟವೇ ಅಂತ.

ಅವರು ನಗುವುದಕ್ಕೆ ಇನ್ನೊಂದು ಕಾರಣ ನಾನೇ ಒದಗಿಸಿದೆ. ತಿಂಗಳ 20ನೇ ತಾರೀಕು ಅಂದರೆ ಜಿಎಸ್‌ಟಿಆರ್-3ಬಿ ಎಂಬ ಅಂಗಡಿಯವರ ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನ. ಹಾರ್ಡ್‌ವೇರ್ ಅಂಗಡಿಯವರು ಯಾವತ್ತಿನಂತೆ ರಾತ್ರಿ ಎಂಟಕ್ಕೆ ಬಿಲ್ಲಿನ ಕಟ್ಟು ತಂದುಕೊಟ್ಟರು. ಒಂಬತ್ತೂವರೆಗೆ ಪೋರ್ಟಲ್ ತೆರೆದರೆ ಲಾಗಿನ್ ಪುಟ ಅರ್ಧಕ್ಕೇ ನಿಂತಿತು. ಕ್ಯಾಪ್ಚಾದ ಚಿತ್ರ ಬರುವ ಜಾಗದಲ್ಲಿ ಒಂದು ಖಾಲಿ ಚೌಕ. ಆ ದಿನ ನಾದಿನಿಯ ಮಕ್ಕಳು ಬಂದಿದ್ದರು, ನಾನು 480ಪಿಗೆ ಇಟ್ಟಿದ್ದ ಟಿವಿಯನ್ನು ಅವರು ಮೇಲಕ್ಕೇರಿಸಿ ಮಧ್ಯಾಹ್ನವೆಲ್ಲ ಕಾರ್ಟೂನ್ ನೋಡಿದ್ದರು. ಕೋಟಾ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿದಿತ್ತು. ಆ ವೇಗದಲ್ಲಿ ವಾಟ್ಸಾಪ್ ಅಕ್ಷರ ಹೋಗುತ್ತದೆ, ಅದರಾಚೆ ಏನೂ ಇಲ್ಲ. ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಬಡ್ಡಿ ಬೇರೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮರ್ಯಾದೆ. ಕೊನೆಗೆ ನಮ್ಮನೆಯವರ ಫೋನಿನ ಹಾಟ್‌ಸ್ಪಾಟ್‌ನಲ್ಲಿ 11:20ಕ್ಕೆ ಸಲ್ಲಿಸಿದೆ.

ಮಾರನೆಯ ದಿನ ಮಾಡಿದ ಕೆಲಸವನ್ನು ನೀವು ಮೊದಲ ದಿನವೇ ಮಾಡಿ. ರೂಟರಿಗೆ ಸೇರಿದ ಫೋನಿನ ಬ್ರೌಸರಿನಲ್ಲಿ 192.168.1.1 ಹಾಕಿ, ಇಲ್ಲವೇ ರೂಟರಿನ ಕೆಳಗಿನ ಚೀಟಿಯಲ್ಲಿ ಇರುವ ನಂಬರು. ಒಳಗೆ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಅಂತ ಇರುತ್ತದೆ, ಕೊಳ್ಳುವ ಮುಂಚೆಯೇ ಇದು ಇದೆಯಾ ಅಂತ ಕೇಳಿಕೊಳ್ಳಿ. ಅಲ್ಲಿ ಟಿವಿಯ ಹೆಸರು ಹುಡುಕಿ ಮಿತಿಯನ್ನು 1,500 ಕೆಬಿಪಿಎಸ್‌ಗೆ ಕಟ್ಟಿ. ಅಷ್ಟು ಸಣ್ಣ ನಲ್ಲಿಯಲ್ಲಿ ಯೂಟ್ಯೂಬು ತಾನೇ 480ಪಿಗೆ ಇಳಿಯುತ್ತದೆ, ರಿಮೋಟಿನಲ್ಲಿ ಯಾರು ಏನು ಒತ್ತಿದರೂ ಗಂಟೆಗೆ 700 ಎಂಬಿ ದಾಟಲು ಸಾಧ್ಯವೇ ಇಲ್ಲ. ಟಿವಿಯ ತಿಂಗಳ ಪಾಲು 88 ಇದ್ದದ್ದು 34 ಜಿಬಿಗೆ ಬಂತು. ಅದಕ್ಕೆ ನನ್ನ 9 ಸೇರಿಸಿದರೆ ದಿನಕ್ಕೆ ಒಂದೂವರೆ ಜಿಬಿಯೊಳಗೆ. ಅತ್ತೆಗೆ ಇವತ್ತಿನವರೆಗೆ ಗೊತ್ತಾಗಿಲ್ಲ.

ಕರೆಂಟ್ ಹೋದಾಗ ಏನಾಗುತ್ತದೆ ಎಂಬುದರಲ್ಲಿ ಮಾತ್ರ ನಾನು ಎಣಿಸದ ಲಾಭ ಸಿಕ್ಕಿತು. ಕೇಬಲ್ ಇದ್ದಾಗ ಮನೆಯಲ್ಲಿ ಯುಪಿಎಸ್ ಇದ್ದರೂ ಬೀದಿ ಕಂಬದ ಡಬ್ಬಿ ಸತ್ತು ನೆಟ್ ಹೋಗುತ್ತಿತ್ತು. ಟವರಿಗೆ ಅದರದೇ ಬ್ಯಾಟರಿ ಇರುತ್ತದೆ. ರೂಟರಿಗೆ ಅದರ ವೋಲ್ಟಿಗೆ ಹೊಂದುವ ಪುಟ್ಟ ಯುಪಿಎಸ್ ಒಂದನ್ನು ಜೋಡಿಸಿದರೆ ಒಂದೆರಡು ಗಂಟೆ ನಿಶ್ಚಿಂತೆ.

ಸಿಸಿಟಿವಿ ಇರುವವರು ಗಮನಿಸಿ: ಮೊಬೈಲ್ ಸಿಮ್ಮಿನಲ್ಲಿ ಮನೆಗೆ ಸಾಮಾನ್ಯವಾಗಿ ಸ್ವಂತ ಸಾರ್ವಜನಿಕ ಐಪಿ ವಿಳಾಸ (ಹೊರಗಿನಿಂದ ಇಂಟರ್ನೆಟ್ಟಿನಲ್ಲಿ ನಮ್ಮನೆಯನ್ನು ಹುಡುಕುವ ನಂಬರು) ಸಿಗುವುದಿಲ್ಲ, ನೂರಾರು ಜನಕ್ಕೆ ಒಂದೇ. ಪೋರ್ಟ್ ಫಾರ್ವರ್ಡಿಂಗ್ ಮಾಡಿ, ಅಂದರೆ ರೂಟರಿನಲ್ಲಿ ಒಳದಾರಿ ತೆರೆದಿಟ್ಟು, ಹೊರಗಿನಿಂದ ನೋಡುವ ಹಳೆಯ ಡಿವಿಆರ್ (ಕ್ಯಾಮೆರಾದ ರೆಕಾರ್ಡಿಂಗ್ ಡಬ್ಬಿ) ಕೆಲಸ ಮಾಡದು, ಕಂಪನಿಯ ಆಪ್ ಮೂಲಕ ನೋಡುವಂಥದ್ದು ಮಾಡುತ್ತದೆ. ಏರ್‌ಫೈಬರ್, ಅಂದರೆ ತಂತಿಯಿಲ್ಲದೆ ಟವರಿನಿಂದ ಬರುವ ಮನೆ ಬ್ರಾಡ್‌ಬ್ಯಾಂಡ್, ಹಾಕಿಸಬಹುದಲ್ಲ ಅಂತ ಕೇಳುವವರಿದ್ದಾರೆ. 2023ರ ಗಣೇಶ ಹಬ್ಬದ ದಿನ ಜಿಯೋ ಶುರುಮಾಡಿದಾಗ ಕಡಿಮೆಯ ಪ್ಲ್ಯಾನು 599 ಇತ್ತು, ಮೇಲೆ ಜಿಎಸ್‌ಟಿ ಸೇರಿಸಿದರೆ ಸುಮಾರು 707, ನನ್ನ ಕೇಬಲ್ ಬಿಲ್ಲಿಗಿಂತ ಒಂದೇ ರೂಪಾಯಿ ಕಡಿಮೆ. ತಂತಿ ಎಳೆಯಲಾಗದ ಮನೆಗೆ ಒಳ್ಳೆಯದೇ, ಉಳಿತಾಯಕ್ಕಲ್ಲ.

ಕೇಬಲ್ ಬಿಡಿಸುವುದು ಕೊನೆಗೆ. ಒಂದು ಪೂರ್ತಿ ತಿಂಗಳು ಎರಡೂ ಇರಲಿ, 708 ಹೋದರೆ ಹೋಗಲಿ. ಆರು ತಿಂಗಳಿಗೆ ಮುಂಗಡ ಕಟ್ಟಿದ್ದರೆ ಅದು ಮುಗಿಯುವ ತಿಂಗಳು ನೋಡಿಕೊಳ್ಳಿ. ಟಿವಿ ಚಾನೆಲ್ಲೂ ನೆಟ್ಟೂ ಒಂದೇ ಬಿಲ್ಲಿನಲ್ಲಿದ್ದರೆ ನೆಟ್ ತೆಗೆದ ಮೇಲೆ ಚಾನೆಲ್ ದರ ಎಷ್ಟಾಗುತ್ತದೆ ಅಂತ ಮೊದಲೇ ಬಾಯಿ ಬಿಡಿಸಿ. ಡಬ್ಬಿ, ಅಡಾಪ್ಟರ್ ಎರಡನ್ನೂ ವಾಪಸ್ ಕೊಟ್ಟು, ಡಬ್ಬಿಯ ಸೀರಿಯಲ್ ನಂಬರ್ ಬರೆಸಿ ರಸೀದಿ ತೆಗೆದುಕೊಳ್ಳಿ, ಠೇವಣಿ ಕೇಳಿ. ನನಗೆ ಠೇವಣಿ ಬರಲು ನಾಲ್ಕು ಫೋನು ಬೇಕಾಯಿತು. ಆಮೇಲೂ ಎರಡು ತಿಂಗಳು ಬಿಟ್ಟು ಒಬ್ಬ ಹೊಸ ಹುಡುಗ ಬಂದು "ಅಕ್ಕಾ, ನೆಟ್ಟಿಂದು ಎರಡು ತಿಂಗಳ ಬಾಕಿ" ಅಂದ. ರಸೀದಿ ತೋರಿಸಿದೆ, ಫೋಟೊ ಹೊಡೆದುಕೊಂಡು ಹೋದ. ತಂತಿ ಬಿಚ್ಚಿಕೊಂಡು ಹೋಗು ಅಂದದ್ದು ಅವನಿಗೆ ಕೇಳಿಸಲಿಲ್ಲವೋ ಏನೋ. ಮಹಡಿಯ ಮೇಲೆ ಅದು ಹಾಗೇ ಇದೆ, ಅತ್ತೆ ಅದರ ಮೇಲೆ ಟವೆಲ್ ಒಣ ಹಾಕುತ್ತಾರೆ.