ಸ್ಕಾಟ್ಲೆಂಡಿನ ಕಡಲೂರಲ್ಲಿದ್ದೀರಾ? ನಿಮ್ಮ ಬೀದಿಯ ಹಳೇ ಫೋಟೋ ಹುಡುಕುವುದು ಹೀಗೆ

ಅಬರ್ಡೀನ್, ವಿಕ್, ಪೀಟರ್‌ಹೆಡ್ ಕಡೆ ಕೆಲಸಕ್ಕೆ ಬಂದವರು ಎಷ್ಟೋ ಸಲ ಬಂದರಿನ ಪಕ್ಕದ ಹಳೇ ಕಲ್ಲಿನ ಮನೆಯಲ್ಲಿ ಬಾಡಿಗೆಗೆ ಇರುತ್ತೀರಿ. ಅಲ್ಲಿ ಮೊದಲು ಯಾರಿದ್ದರು ಅಂತ ತಿಳಿದುಕೊಳ್ಳಲು ಇಲ್ಲಿ ಯಾರ ಪರಿಚಯವೂ ಬೇಕಿಲ್ಲ. ಖರ್ಚೂ ಕಮ್ಮಿ. ಒಂದೇ ತೊಂದರೆ, ಎಲ್ಲವೂ ಒಂದೇ ಕಡೆ ಇಲ್ಲ.

ಫೋಟೋಗಿಂತ ಮೊದಲು ನಕ್ಷೆ ನೋಡಿ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನ ತಾಣದಲ್ಲಿ ಆರ್ಡ್‌ನೆನ್ಸ್ ಸರ್ವೆ, ಅಂದರೆ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯ ಹಳೇ ನಕ್ಷೆಗಳನ್ನು ಇವತ್ತಿನ ನಕ್ಷೆಯ ಮೇಲೆ ಹೊದಿಸಿ ನೋಡಬಹುದು, ಪುಕ್ಕಟೆ. ಬೀದಿಯ ಹೆಸರು ಬದಲಾಗಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಆಮೇಲೆ ಸ್ಕಾಟ್ಲೆಂಡ್ಸ್‌ಪೀಪಲ್. ಇದು ಹಳೇ ದಾಖಲೆಗಳಿಗೆ ಸರ್ಕಾರದ್ದೇ ತಾಣ. ಹುಡುಕಾಟಕ್ಕೆ ದುಡ್ಡಿಲ್ಲ, ದಾಖಲೆಯ ಚಿತ್ರ ತೆರೆಯಬೇಕಾದರೆ ಸಾಮಾನ್ಯವಾಗಿ ಕ್ರೆಡಿಟ್ ಕೊಳ್ಳಬೇಕು. ಹುಟ್ಟು, ಮದುವೆ, ಸಾವಿನ ಸರ್ಕಾರಿ ನೋಂದಣಿ ಶುರುವಾಗಿದ್ದು 1855ರಲ್ಲಿ. ಮನೆ ಹುಡುಕುವವರಿಗೆ ಜಾಸ್ತಿ ಉಪಯೋಗವಾಗುವುದು ವ್ಯಾಲ್ಯುಯೇಷನ್ ರೋಲ್, ಅಂದರೆ ತೆರಿಗೆಗಾಗಿ ಬರೆದಿಟ್ಟ ಪಟ್ಟಿ: ಮಾಲೀಕ ಯಾರು, ಬಾಡಿಗೆದಾರ ಯಾರು, ವರ್ಷದ ಬಾಡಿಗೆ ಎಷ್ಟು, ಎಲ್ಲ ಇರುತ್ತದೆ. ಜನಗಣತಿ ನೂರು ವರ್ಷ ಮುಚ್ಚಿರುತ್ತದೆ, ಹಾಗಾಗಿ ಸದ್ಯಕ್ಕೆ 1921ರದೇ ಕೊನೆಯದು. 1931ರದು ಇಂಗ್ಲೆಂಡಿನಲ್ಲಿ ಬೆಂಕಿಗೆ ಹೋಯಿತು, ಸ್ಕಾಟ್ಲೆಂಡಿನದು ಉಳಿದಿದೆ. ಕಾಯಬೇಕಷ್ಟೇ.

ಬಕಿ, ಫಿಂಡಾಕ್ಟಿ ಥರದ ಮೀನುಗಾರರ ಊರುಗಳಲ್ಲಿ ಬರೀ ಮನೆತನದ ಹೆಸರು ಹಿಡಿದು ಹೊರಟರೆ ಕೆಲಸ ಕೆಡುತ್ತದೆ. ಸ್ಮಿತ್, ಕೌವಿ, ಫ್ಲೆಟ್ ಅಂತ ಅದೇ ಹೆಸರುಗಳು ಊರು ತುಂಬ ಇದ್ದುದರಿಂದ ಪ್ರತಿ ಮನೆಗೂ ಒಂದು ಅಡ್ಡಹೆಸರು ಇರುತ್ತಿತ್ತು. ಅದಕ್ಕೆ ಟೀ-ನೇಮ್ ಅನ್ನುತ್ತಾರೆ. ಸರ್ಕಾರಿ ದಾಖಲೆಯಲ್ಲೂ ಕೆಲವೊಮ್ಮೆ ಅದು ನುಸುಳಿರುತ್ತದೆ.

ಇನ್ನು ಫೋಟೋಗಳು. ಜಾರ್ಜ್ ವಾಷಿಂಗ್ಟನ್ ವಿಲ್ಸನ್ ಅನ್ನುವವನ ಫೋಟೋ ಕಂಪನಿಯ ಮೂವತ್ತೇಳು ಸಾವಿರಕ್ಕೂ ಜಾಸ್ತಿ ಗಾಜಿನ ನೆಗೆಟಿವ್ ಪ್ಲೇಟುಗಳು ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿವೆ. ಡಂಡೀಯ ವ್ಯಾಲೆಂಟೈನ್ ಕಂಪನಿಯ ಸಂಗ್ರಹ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿದೆ. ಚೆನ್ನಾಗಿವೆ, ಆದರೆ ಬಹುಪಾಲು ಪ್ರವಾಸಿಗಳಿಗೆ ಮಾರಲು ತೆಗೆದವು ಅಲ್ವಾ, ಕೋಟೆ, ಬೀಚು, ಹೋಟೆಲ್ಲೇ ಜಾಸ್ತಿ. ದುಡಿಯುವ ಜನ ಬೇಕಿದ್ದರೆ ಊರಿನ ಹೆರಿಟೇಜ್ ಸೊಸೈಟಿಗೇ, ಅಂದರೆ ಸ್ಥಳೀಯ ಇತಿಹಾಸದ ಸಂಘಕ್ಕೇ ಹೋಗಬೇಕು. ವಿಕ್‌ನಲ್ಲಿ ಜಾನ್‌ಸ್ಟನ್ ಮನೆತನದ ಮೂರು ತಲೆಮಾರು 1863ರಿಂದ 1975ರವರೆಗೆ ಫೋಟೋ ತೆಗೆಯಿತು, ಅದರಲ್ಲಿ ಉಳಿದದ್ದನ್ನು ವಿಕ್ ಸೊಸೈಟಿ ಕಾಪಾಡಿಕೊಂಡಿದೆ. ಹೆರಿಂಗ್ ಮೀನು ಸೀಳುತ್ತಿದ್ದ ಹೆಂಗಸರನ್ನು ಅಂಥ ಕಡೆ ನೋಡಬೇಕು: ಮೂವರದೊಂದು ಗುಂಪು, ಇಬ್ಬರು ಕರುಳು ತೆಗೆಯುವವರು, ಒಬ್ಬಳು ಉಪ್ಪು ಹಾಕಿ ಪೀಪಾಯಿಗೆ ಜೋಡಿಸುವವಳು. ಚಾಕು ತಾಗಿ ಉಪ್ಪು ಉರಿಯದಿರಲೆಂದು ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡಿರುತ್ತಾರೆ. ಮೀನಿನ ಹಿಂದೆಯೇ ಶೆಟ್‌ಲೆಂಡ್‌ನಿಂದ ಇಂಗ್ಲೆಂಡಿನ ಯಾರ್ಮತ್‌ವರೆಗೂ ಹೋಗುತ್ತಿದ್ದವರು ಇವರು, ಹಾಗಾಗಿ ನಿಮ್ಮೂರಿನ ಹೆಂಗಸರ ಫೋಟೋ ಯಾರ್ಮತ್‌ನಲ್ಲಿ ಸಿಕ್ಕರೂ ಆಶ್ಚರ್ಯವಿಲ್ಲ.

ಲೂಯಿಸ್ ದ್ವೀಪದಲ್ಲಿ ಇಂಥ ಇತಿಹಾಸದ ಸಂಘಗಳಿಗೆ ಗೇಲಿಕ್‌ನಲ್ಲಿ ಕೊಮನ್ ಎಕ್‌ಟ್ರಿ ಅನ್ನುತ್ತಾರೆ, ಊರೂರಿಗೂ ಒಂದೊಂದು ಅನ್ನುವಷ್ಟು ಇವೆ. ನಮ್ಮ ಕೈಫಿಯತ್ತುಗಳನ್ನು, ಅಂದರೆ ಊರೂರಿನ ಹಳೇ ಚರಿತ್ರೆಯ ಬರಹಗಳನ್ನು ಸಂಗ್ರಹಿಸಿದ, ಮೈಸೂರು ಸೀಮೆಯ ಸರ್ವೆ ಮಾಡಿದ ಕಾಲಿನ್ ಮೆಕೆಂಜಿ ಅಲ್ಲಿನ ಸ್ಟಾರ್ನೋವೆಯವನು. ಮಾತು ಶುರುಮಾಡಲು ಇದು ಸಾಕು.

ಫೋಟೋದಲ್ಲಿ ದೋಣಿ ಇದ್ದರೆ ಅದರ ಮೇಲಿನ ನೋಂದಣಿ ಅಕ್ಷರ ಓದಿ, ಯಾವ ಬಂದರಿನದು ಅಂತ ಗೊತ್ತಾಗುತ್ತದೆ. ಡಬ್ಲ್ಯುಕೆ ಅಂದರೆ ವಿಕ್, ಪಿಡಿ ಪೀಟರ್‌ಹೆಡ್, ಬಿಸಿಕೆ ಬಕಿ, ಎಲ್‌ಕೆ ಲರ್ವಿಕ್. ಪೋಸ್ಟ್‌ಕಾರ್ಡಾದರೆ ತಿರುಗಿಸಿ: ವಿಳಾಸದ ಪಕ್ಕದಲ್ಲೇ ಸಂದೇಶಕ್ಕೂ ಜಾಗ ಬಿಟ್ಟಿದ್ದರೆ ಆ ಕಾರ್ಡು 1902ಕ್ಕಿಂತ ಹಳೆಯದಲ್ಲ.

ಕೌನ್ಸಿಲ್ ಲೈಬ್ರರಿಯ ಸದಸ್ಯತ್ವ ಪುಕ್ಕಟೆ. ಅಲ್ಲಿ ಲೋಕಲ್ ಸ್ಟಡೀಸ್, ಅಂದರೆ ಸ್ಥಳೀಯ ಇತಿಹಾಸದ ವಿಭಾಗ ಎಲ್ಲಿದೆ ಅಂತ ಕೇಳಿ. ಸಿಕ್ಕಿದ ಫೋಟೋವನ್ನು ಸುಮ್ನೆ ಮನೆಯಲ್ಲಿ ನೋಡುವುದು ಬೇರೆ, ಸಂಘದ ಕ್ಯಾಲೆಂಡರಿಗೆ ಅಚ್ಚು ಹಾಕಿಸುವುದು ಬೇರೆ. ಕಾಪಿರೈಟ್ ಸಾಮಾನ್ಯವಾಗಿ ಫೋಟೋಗ್ರಾಫರ್ ತೀರಿಕೊಂಡ ಮೇಲೂ 70 ವರ್ಷ ಇರುತ್ತದೆ, ಅದು ಮುಗಿದಿದ್ದರೂ ಸಂಗ್ರಹದವರು ಶುಲ್ಕ ಕೇಳಬಹುದು. ಅಚ್ಚಿಗೆ ಮೊದಲು ಒಂದು ಇಮೇಲ್ ಹಾಕಿಬಿಡಿ.