ದಾಸವಾಳದ ಬೇಲಿ ಬುಡದಿಂದಲೇ ದಟ್ಟವಾಗಲು
ಕಾಂಪೌಂಡ್ ಪಕ್ಕ ಮರೆಗೆ ಅಂತ ದಾಸವಾಳ ಹಾಕಿದ್ದರೆ, ಗಿಡ ಮೊಣಕಾಲೆತ್ತರ ಬಂದ ಕೂಡಲೇ ಧೈರ್ಯವಾಗಿ ತುದಿ ಚಿವುಟಿಬಿಡಿ. ಹೊಸ ಚಿಗುರು ಗೇಣುದ್ದ ಆದಾಗಲೆಲ್ಲ ಮತ್ತೆ ಚಿವುಟಿ. ತುದಿ ಇರುವವರೆಗೆ ಪಕ್ಕದ ಕಣ್ಣುಗಳು, ಅಂದರೆ ಎಲೆ ಬುಡದ ಚಿಗುರು ಮೊಗ್ಗುಗಳು, ಸುಲಭಕ್ಕೆ ಚಿಗುರುವುದಿಲ್ಲ. ಅದು ಹೋದರೆ ಒಂದರ ಜಾಗದಲ್ಲಿ ಎರಡು-ಮೂರು ಕವಲು ಬರುತ್ತವೆ. ಸುಮ್ನೆ ಎತ್ತರಕ್ಕೆ ಬಿಟ್ಟರೆ ಮೇಲೆ ಮಾತ್ರ ಎಲೆ, ಕೆಳಗೆ ಬರೀ ಕಡ್ಡಿ. ರಸ್ತೆಯಲ್ಲಿ ಹೋಗುವವರಿಗೆ ನಿಮ್ಮ ಜಗಲಿ ಪೂರ್ತಿ ಕಾಣುತ್ತದೆ, ಅಲ್ವಾ? ಪಕ್ಕದ ಕಟ್ಟಡದ ನೆರಳು ಜಾಸ್ತಿ ಇದ್ದರೆ ಮಾತ್ರ ಇದು ನಡೆಯುವುದಿಲ್ಲ, ಬಿಸಿಲು ಬೇಕೇ ಬೇಕು. ಚಿಗುರಿನಲ್ಲಿ ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಕಂಡರೆ ಆ ತುದಿ ಕತ್ತರಿಸಿ ಕವರಿಗೆ ಹಾಕಿ ಬಿಸಾಡಿ, ಬುಡಕ್ಕೆ ಹಾಕಬೇಡಿ. ಹೂವು ಕಮ್ಮಿಯಾಗುತ್ತದೆ, ಪೂಜೆಗೆ ಬೇಕು ಅನ್ನುವವರು ಮೂಲೆಯ ಒಂದು ಗಿಡವನ್ನು ಚಿವುಟದೆ ಬಿಡಿ.