ಆಗುಂಬೆ ಘಾಟಿಯಲ್ಲಿ ಕ್ಲಚ್ ಕೇಬಲ್ ತುಂಡಾದ ದಿನ

ನನ್ನದು 2010ರ ಸ್ಪ್ಲೆಂಡರ್. ಟ್ಯಾಂಕ್ ಮೇಲೆ ಇನ್ನೂ ಹೀರೋ ಹೋಂಡಾ ಅಂತಲೇ ಇದೆ. ಮನೆ ವೈರಿಂಗ್ ನನ್ನ ಕೆಲಸ. ತೀರ್ಥಹಳ್ಳಿ ಸುತ್ತಮುತ್ತಲಿನ ತೋಟದ ಮನೆಗಳಿಗೆ ಬಸ್ಸು ನಂಬಿಕೊಂಡು ಹೋಗೋಕೆ ಆಗಲ್ಲ. ಟಾರು ಮುಗಿದ ಮೇಲೂ ಎರಡು ಕಿಲೋಮೀಟರ್ ಮಣ್ಣು ರಸ್ತೆ, ನಡುವೆ ಒಂದು ಹಳ್ಳ, ಕೊನೆಗೆ ಪಾಚಿ ಕಟ್ಟಿದ ಅಂಗಳ. ದಿನಾ ಇದೇ. ಹಿಂದಿನ ಸೀಟಿನ ಮೇಲೆ ವೈರ್ ಕಾಯಿಲ್, ಟ್ಯಾಂಕ್ ಮೇಲೆ ಟೂಲ್ ಬ್ಯಾಗು.

ಆದರೆ ಗಾಡಿಗೆ ನಾನು ಕೈ ಹಾಕ್ತಿರಲಿಲ್ಲ. ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಮೆಕ್ಯಾನಿಕ್ ಹತ್ತಿರ ಬಿಟ್ಟು ಬರೋದು, ಸಂಜೆ ದುಡ್ಡು ಕೊಟ್ಟು ತಗೊಂಡು ಬರೋದು, ಅಷ್ಟೇ. ಊರವರ ಮನೆಯ ಸ್ವಿಚ್ ಬೋರ್ಡೆಲ್ಲ ಬಿಚ್ಚಿ ಜೋಡಿಸೋನು ಸ್ವಂತ ಗಾಡಿಯ ಚೈನ್ ಎಷ್ಟು ಸಡಿಲ ಇದೆ ಅಂತ ನೋಡಿರಲಿಲ್ಲ.

ಅದೊಂದು ಜುಲೈ ತಿಂಗಳು. ಹೆಬ್ರಿ ಹತ್ತಿರ ಒಂದು ಹೊಸ ಮನೆಯ ಕೆಲಸ ಒಪ್ಪಿಕೊಂಡಿದ್ದೆ. ಅದಕ್ಕೆ ಎರಡು ವಾರ ಮೊದಲಿನಿಂದಲೇ ಕ್ಲಚ್ ಲಿವರ್ ಗಟ್ಟಿಯಾಗಿತ್ತು. ಸಂಜೆ ಮನೆಗೆ ಬಂದರೆ ಎಡಗೈ ಬೆರಳು ನೋಯೋದು. ವಯಸ್ಸಾಯ್ತು ಅಂದುಕೊಂಡೆ. ಲಿವರ್ ಆಟ, ಅಂದರೆ ಕೇಬಲ್ ಎಳೆಯೋ ಮೊದಲು ಲಿವರ್ ಸುಮ್ನೆ ಆಡುವ ಜಾಗ, ಅದು ಬೇರೆ ಜಾಸ್ತಿ ಆಗ್ತಿತ್ತು. ಹ್ಯಾಂಡಲ್ ಹತ್ತಿರದ ಅಡ್ಜಸ್ಟರ್ ಎರಡು ಸುತ್ತು ತಿರುಗಿಸಿ ಸರಿ ಮಾಡಿದೆ. ನಾಲ್ಕು ದಿನಕ್ಕೆ ಮತ್ತೆ ಸಡಿಲ. ಮತ್ತೆ ತಿರುಗಿಸಿದೆ. ಒಂದೇ ವಾರದಲ್ಲಿ ಎರಡು ಸಲ ಯಾಕೆ ಸಡಿಲ ಆಗ್ತಿದೆ ಅಂತ ಒಂದು ನಿಮಿಷ ಯೋಚಿಸಿದ್ದರೆ ಈ ಕಥೆಯೇ ಇರ್ತಿರಲಿಲ್ಲ.

ಆಗುಂಬೆ ದಾಟಿ ಘಾಟಿ ಇಳಿಯೋಕೆ ಶುರು ಮಾಡಿದಾಗ ಮಂಜು ಕವಿದಿತ್ತು. ಜೊತೆಗೆ ಮಳೆ. ಅಲ್ಲಿ 14 ಹೇರ್‌ಪಿನ್ ತಿರುವು. ಮೂರೋ ನಾಲ್ಕೋ ದಾಟಿದ್ದೆ. ಮುಂದಿನ ತಿರುವಿಗೆ ಗೇರ್ ಇಳಿಸೋಣ ಅಂತ ಕ್ಲಚ್ ಹಿಡಿದೆ. ಟಪ್ ಅಂತು. ಲಿವರ್ ಹ್ಯಾಂಡಲ್‌ಗೆ ಬಂದು ಅಂಟಿಕೊಂಡಿತು, ಕೈಯಲ್ಲಿ ಏನೂ ಭಾರವೇ ಇಲ್ಲ. ಗಾಡಿ ಮೂರನೇ ಗೇರಲ್ಲಿದೆ. ಎರಡೂ ಬ್ರೇಕ್ ಒತ್ತಿದೆ, ಜೋರಾಗಿ ಅಲುಗಾಡಿ ಇಂಜಿನ್ ಆಫ್ ಆಯ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆದು, ಪಕ್ಕದಿಂದ ಹೋಗ್ತಾ ನನ್ನ ಮುಖಾನೇ ದಿಟ್ಟಿಸಿಕೊಂಡು ಹೋದ.

ಗೇರಲ್ಲಿ ಸಿಕ್ಕಿಕೊಂಡ ಗಾಡಿಯನ್ನು ಕ್ಲಚ್ ಇಲ್ಲದೆ ತಳ್ಳೋಕೂ ಆಗಲ್ಲ. ಗಾಡಿಯನ್ನು ಹಿಂದೆ ಮುಂದೆ ತೂಗ್ತಾ ಗೇರ್ ಲಿವರ್ ಮೇಲೆ ಕಾಲು ಇಟ್ಟು ಮೆಲ್ಲಗೆ ಒತ್ತುತ್ತಾ ಇರಬೇಕು. ಹಾಗೆ ಮಾಡಿದ ಮೇಲೆ ನ್ಯೂಟ್ರಲ್‌ಗೆ ಬಂತು.

ಆಗ ತಲೆಗೆ ಬಂದದ್ದು ಒಂದು ಮೂರ್ಖ ಉಪಾಯ. ಹೇಗೂ ಇಳಿಜಾರಲ್ವಾ, ನ್ಯೂಟ್ರಲ್‌ನಲ್ಲೇ ಬಿಟ್ಟರೆ ಘಾಟಿ ಬುಡದ ಸೋಮೇಶ್ವರದವರೆಗೂ ತಾನೇ ಹೋಗ್ತದೆ. ಒಂದು ತಿರುವು ಹಾಗೇ ಇಳಿದೆ. ಡ್ರಮ್ ಬ್ರೇಕಿನೊಳಗೆ ನೀರು ಹೋಗಿತ್ತೇನೋ, ಒತ್ತಿದರೆ ಮೊದಲು ಹಿಡೀಲೇ ಇಲ್ಲ, ಆಮೇಲೆ ಒಮ್ಮೆಲೇ ಹಿಡೀತು. ಹಿಂದೆ ಎರಡು ಕಾಯಿಲ್ ವೈರಿನ ಭಾರ ಬೇರೆ. ಎದೆ ಬಾಯಿಗೆ ಬಂತು. ಘಾಟಿ ಇಳಿಯುವಾಗ ಗೇರಲ್ಲಿರುವ ಇಂಜಿನ್ ಎಷ್ಟು ಭಾರ ಹಿಡಿದಿರುತ್ತೆ ಅಂತ ಗೊತ್ತಾಗಿದ್ದೇ ಆವತ್ತು.

ಆಮೇಲೆ ಬೇರೆ ದಾರಿ. ನ್ಯೂಟ್ರಲ್‌ನಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ, ಗಾಡಿಯನ್ನು ಮನುಷ್ಯ ನಡೆಯುವಷ್ಟು ವೇಗಕ್ಕೆ ಉರುಳೋಕೆ ಬಿಟ್ಟು, ಗಟ್ಟಿಯಾಗಿ ಫಸ್ಟ್ ಗೇರ್ ಹಾಕಿದೆ. ಟಕ್ ಅಂತ ಒಂದು ಕುಲುಕು, ಅಷ್ಟೇ. ಸೆಕೆಂಡಿಗೆ ಹೋಗುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಬಿಟ್ಟ ಕ್ಷಣದಲ್ಲೇ ಗೇರ್ ಒತ್ತಿದರೆ ಕ್ಲಚ್ ಇಲ್ಲದೆಯೂ ಬೀಳುತ್ತೆ. ಸೆಕೆಂಡ್ ಗೇರಲ್ಲೇ ಎರಡು ತಿರುವು ಇಳಿದೆ. ಸರಿ, ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಕೆಳಗಿನ ತಿರುವಲ್ಲಿ ಬಸ್ಸು ಹತ್ತಿ ಬಂತು. ಹತ್ತುವವರಿಗೆ ಜಾಗ ಬಿಡಲೇಬೇಕು. ನಿಲ್ಲಿಸಿದೆ. ಇಂಜಿನ್ ಆಫ್. ಮತ್ತೆ ತೂಗು, ಮತ್ತೆ ನ್ಯೂಟ್ರಲ್ ಹುಡುಕು.

ಅಲ್ಲಿ ಸ್ವಲ್ಪ ಅಗಲವಾದ ಜಾಗ ಇತ್ತು. ಗಾಡಿ ಪಕ್ಕಕ್ಕೆ ಹಾಕಿ, ಮಳೆಯಲ್ಲೇ ನಿಂತು ಕೇಬಲ್ ನೋಡಿದೆ. ಲಿವರ್ ಒಳಗೆ ಕೂರುವ ಲೋಹದ ಗುಂಡು ಇರುತ್ತಲ್ಲ, ಸರಿಯಾಗಿ ಅದರ ಬುಡದಲ್ಲೇ ತುಂಡಾಗಿತ್ತು. ವೈರ್ ಉಳಿದಿದೆ, ತುದಿಗೆ ಹಿಡಿಯೋಕೆ ಗುಂಡಿಲ್ಲ. ಆಗ ಹೊಳೀತು, ಬ್ಯಾಗಲ್ಲಿ ಸ್ಟ್ರಿಪ್ ಕನೆಕ್ಟರ್ ಇದೆ! ಸೀಲಿಂಗ್ ಫ್ಯಾನಿಗೆ, ಟ್ಯೂಬ್‌ಲೈಟಿಗೆ ವೈರ್ ಜೋಡಿಸೋಕೆ ಹಾಕ್ತೀವಲ್ಲ, ಬಿಳಿ ಪ್ಲಾಸ್ಟಿಕ್ಕಿಂದು, ಅದೇ. ದೊಡ್ಡದೊಂದನ್ನು ಕತ್ತರಿಸಿ ಪ್ಲಾಸ್ಟಿಕ್ ಸುಲಿದೆ. ಒಳಗೆ ಎರಡು ಸ್ಕ್ರೂ ಇರುವ ಹಿತ್ತಾಳೆಯ ಪುಟ್ಟ ಕೊಳವೆ.

ತುಂಡಾದ ವೈರ್ ಹೊರಕವಚದಿಂದ ಹೊರಗೆ ಬರೀ ಅರ್ಧ ಇಂಚು ಕಾಣ್ತಿತ್ತು. ಹ್ಯಾಂಡಲ್ ಹತ್ತಿರದ ಅಡ್ಜಸ್ಟರ್ ಪೂರ್ತಿ ಒಳಗೆ ತಿರುಗಿಸಿದೆ, ಇಂಜಿನ್ ಹತ್ತಿರದ ಅಡ್ಜಸ್ಟರ್ ನಟ್ಟುಗಳನ್ನೂ ಸಡಿಲ ಮಾಡಿ ಹಿಂದಕ್ಕೆ ಸರಿಸಿದೆ. ಆಗ ಒಂದು ಹೆಬ್ಬೆರಳಿನಷ್ಟು ವೈರ್ ಸಿಕ್ಕಿತು. ಕೊಳವೆಯೊಳಗೆ ತೂರಿಸಿ ಸ್ಕ್ರೂ ಬಿಗಿದು ಲಿವರ್ ಎಳೆದೆ. ಸರ್ ಅಂತ ಜಾರಿತು. ಎರಡನೇ ಸಲ ವೈರಿನ ತುದಿ ಹಿಂದಕ್ಕೆ ಮಡಚಿ, ದಪ್ಪ ಮಾಡಿ, ಎರಡೂ ಸ್ಕ್ರೂ ಬಿಗಿದೆ. ಲಿವರ್‌ನ ಗುಂಡಿಯಲ್ಲಿ ಸರಿಯಾಗಿ ಕೂರಲಿಲ್ಲ, ಸೀಳಿಗೆ ಅಡ್ಡ ನಿಂತಿತು. ಸಾಕು. ಅರ್ಧ ಕ್ಲಚ್ ಬಂತು. ನಿಲ್ಲುವಾಗ, ಹೊರಡುವಾಗ ಮಾತ್ರ ಹಿಡಿಯೋದು, ಉಳಿದದ್ದೆಲ್ಲ ಕ್ಲಚ್ ಇಲ್ಲದೆ. ಹೀಗೇ ಹೆಬ್ರಿ ಮುಟ್ಟಿದೆ.

ಹೆಬ್ರಿಯ ಮೆಕ್ಯಾನಿಕ್ ಕನೆಕ್ಟರ್ ನೋಡಿ ನಕ್ಕರು. ಹಳೇ ಕೇಬಲ್ ಬಿಚ್ಚಿ ನನ್ನ ಕೈಗೆ ಕೊಟ್ಟು, “ಇದು ಎಣ್ಣೆ ಕಾಣದೆ ಎಷ್ಟು ವರ್ಷ ಆಯ್ತು ಮಾರಾಯ್ರೆ?” ಅಂದರು. ಉತ್ತರ ಇರಲಿಲ್ಲ. ಸುಮ್ನೆ ಆ ತುಂಡಾದ ತುದಿ ನೋಡ್ತಾ ನಿಂತೆ. ಸಣ್ಣ ಸಣ್ಣ ಎಳೆಗಳಲ್ಲಿ ಮುಕ್ಕಾಲು ಪಾಲು ಕಪ್ಪು ತುಕ್ಕು. ಅವೆಲ್ಲ ಯಾವತ್ತೋ ಹರಿದಿದ್ದವು. ನಾಲ್ಕೈದು ಎಳೆಯ ತುದಿ ಮಾತ್ರ ಬೆಳ್ಳಗೆ ಹೊಳೀತಿತ್ತು. ಆವತ್ತು ಹರಿದದ್ದು ಅಷ್ಟೇ. ಎರಡು ವಾರದಿಂದ ನನ್ನ ಕ್ಲಚ್ಚಿನ ಭಾರವನ್ನೆಲ್ಲ ಆ ನಾಲ್ಕೈದು ಎಳೆ ಹೊತ್ತಿದ್ದವು. ನಾನು ಅಡ್ಜಸ್ಟರ್ ತಿರುಗಿಸಿದಾಗೆಲ್ಲ ಅವನ್ನೇ ಇನ್ನಷ್ಟು ಎಳೀತಿದ್ದೆ.

ಈ ಕಥೆ ಕೇಳಿ ನಮ್ಮ ಪಕ್ಕದ ಮನೆಯ ಭಟ್ಟರು ಖುಷಿಯೋ ಖುಷಿ. ಅವರ ಕೊಟ್ಟಿಗೆಯಲ್ಲಿ ಒಂದು ಹಳೇ ಎಜ್ಡಿ ಬೈಕ್ ಇದೆ, ಮೈಸೂರಿನ ಫ್ಯಾಕ್ಟರಿಯದ್ದು. 1996ರಲ್ಲಿ ಆ ಫ್ಯಾಕ್ಟರಿ ಮುಚ್ಚಿತು, ಇವರ ಅಭಿಮಾನ ಮುಚ್ಚಿಲ್ಲ. “ನಮ್ಮ ಎಜ್ಡಿಗೆ ಕೇಬಲ್ ತುಂಡಾದ್ರೆ ಎಂತದೂ ಆಗಲ್ಲ ಮಾರಾಯ, ಗೇರ್ ತುಳಿದ್ರೆ ಕ್ಲಚ್ ತಾನೇ ಬಿಡ್ತದೆ” ಅಂದರು. ಮಾತು ನಿಜ. ಜಾವಾ, ಎಜ್ಡಿಯಲ್ಲಿ ಗೇರ್ ಲಿವರ್ ಒತ್ತಿದರೆ ಅದೇ ಕ್ಲಚ್ಚನ್ನೂ ಬಿಡಿಸುವ ಹಾಗೆ ಮಾಡಿದ್ದಾರೆ. ಆದರೆ ಆ ಎಜ್ಡಿ ಕಳೆದ ದೀಪಾವಳಿಯಿಂದ ಸ್ಟಾರ್ಟ್ ಆಗಿಲ್ಲ ಅನ್ನೋದನ್ನು ನಾನು ನೆನಪಿಸಲಿಲ್ಲ.

ಆವತ್ತಿನಿಂದ ತಿಂಗಳಿಗೆ ಒಂದು ಭಾನುವಾರ ಬೆಳಿಗ್ಗೆ ಗಾಡಿಗೆ. ಮೊದಲು ಕಲಿತದ್ದು ಕೇಬಲ್‌ಗೆ ಎಣ್ಣೆ ಬಿಡೋದು. ಮೇಲಿನಿಂದ ನಾಲ್ಕು ಹನಿ ಬಿಟ್ಟರೆ ಅದು ಒಳಗೆ ಹೋಗಲ್ಲ, ಹೊರಗೇ ಇಳಿಯುತ್ತೆ. ಕೇಬಲ್ ಬಿಚ್ಚಿ ಅಟ್ಟದ ಗಳಕ್ಕೆ ನೇತು ಹಾಕ್ತೀನಿ. ಮೇಲಿನ ತುದಿಗೆ ಪ್ಲಾಸ್ಟಿಕ್ ಕವರಿನ ಒಂದು ಮೂಲೆಯನ್ನು ಇನ್ಸುಲೇಷನ್ ಟೇಪಿಂದ ಬಿಗಿಯಾಗಿ ಸುತ್ತಿ ಚೀಲದ ಹಾಗೆ ಮಾಡ್ತೀನಿ. ಅದರೊಳಗೆ ಸಿರಿಂಜಿಂದ ಎಂಜಿನ್ ಆಯಿಲ್ ಬಿಟ್ಟು, ಒಳಗಿನ ವೈರನ್ನು ಮೇಲೆ ಕೆಳಗೆ ನಾಲ್ಕು ಸಲ ಆಡಿಸಿ, ರಾತ್ರಿ ಹಾಗೇ ಬಿಡೋದು. ಬೆಳಿಗ್ಗೆ ಕೆಳಗಿನ ತುದಿಯಲ್ಲಿ ಎಣ್ಣೆ ತೊಟ್ಟಿಕ್ಕಿರಬೇಕು. ಮೊದಲ ಸಲ ಬಂದದ್ದು ಎಣ್ಣೆ ಅಲ್ಲ, ಚಹಾ ಬಣ್ಣದ ತುಕ್ಕಿನ ನೀರು. ವಾಪಸ್ ಹಾಕಿದ ಮೇಲೆ ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಆಟ ಬಿಡಬೇಕು. ಪೂರ್ತಿ ಬಿಗಿ ಮಾಡಿದರೆ ಕ್ಲಚ್ ಜಾರ್ತಾ ಪ್ಲೇಟ್ ಸವೀತದೆ.

ಮಳೆಗಾಲಕ್ಕೆ ಮೊದಲು ಎಣ್ಣೆ ಬಿಟ್ಟ ಹೊಸ ಕೇಬಲ್ ಒಂದನ್ನು ಹಳೇದರ ಪಕ್ಕದಲ್ಲೇ, ಅದೇ ದಾರಿಯಲ್ಲಿ ಎಳೆದು, ಎರಡೂ ತುದಿಗೆ ಟೇಪ್ ಸುತ್ತಿ ಕಟ್ಟಿಡ್ತೀನಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ಸಿಕ್ಕಿಕೊಳ್ಳಲ್ಲ ಅಂತ ನೋಡಿಕೊಳ್ಳಬೇಕು. ಹಳೇದು ತುಂಡಾದರೆ ಟ್ಯಾಂಕ್ ಬಿಚ್ಚುವ ರಗಳೆ ಇಲ್ಲ, ಎರಡು ತುದಿ ಬದಲಾಯಿಸಿದರೆ ಆಯ್ತು.

ಚೈನ್ ವಿಷಯದಲ್ಲಿ ಸ್ಪ್ಲೆಂಡರ್‌ನವರು ಪುಣ್ಯವಂತರು. ಪೂರ್ತಿ ಮುಚ್ಚಿದ ಚೈನ್ ಕವರ್ ಇರೋದರಿಂದ ಕೆಸರು ಅಷ್ಟಾಗಿ ತಾಗಲ್ಲ. ಕವರಿನಲ್ಲಿ ಒಂದು ರಬ್ಬರ್ ಮುಚ್ಚಳ ಇದೆ. ಅದನ್ನು ತೆಗೆದು ಬೆರಳಿಂದ ಚೈನ್ ಮೇಲೆ ಕೆಳಗೆ ಒತ್ತಿದರೆ 25ರಿಂದ 30 ಮಿಲಿಮೀಟರ್ ಆಡಬೇಕು. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸ್ತಾ ನಾಲ್ಕು ಕಡೆ ನೋಡಿ. ಸವೆದ ಚೈನ್ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಇರುತ್ತೆ. ಬಿಗಿ ಇರುವ ಜಾಗ ನೋಡಿಕೊಂಡೇ ಅಡ್ಜಸ್ಟ್ ಮಾಡಬೇಕು. ಹಿಂದಿನ ಚಕ್ರದ ಅಡ್ಜಸ್ಟರ್ ಹತ್ತಿರ ಎಡಕ್ಕೂ ಬಲಕ್ಕೂ ಗುರುತಿನ ಗೆರೆ ಒಂದೇ ಲೆಕ್ಕಕ್ಕೆ ಬರಬೇಕು, ಇಲ್ಲದಿದ್ದರೆ ಹಿಂದಿನ ಚಕ್ರ ಓರೆ. ಇಂಜಿನ್ ಆನ್ ಮಾಡಿ, ಗೇರ್ ಹಾಕಿ ಚೈನಿಗೆ ಎಣ್ಣೆ ಬಿಡುವವರನ್ನು ನೋಡಿದರೆ ಮಾತ್ರ ಮೈ ಜುಮ್ ಅನ್ನುತ್ತೆ. ಬಟ್ಟೆ ಸಿಕ್ಕಿಕೊಂಡರೆ ಅದರ ಹಿಂದೆ ಬೆರಳೂ ಹೋಗುತ್ತೆ. ಕೈಯಲ್ಲಿ ಚಕ್ರ ತಿರುಗಿಸೋಕೆ ಎಷ್ಟು ಹೊತ್ತು ಬೇಕು?

ಎಲ್ಲಾ ಕಲಿತೆ ಅನ್ನುವ ಜಂಬ ಬಂದಾಗಲೇ ಇನ್ನೊಂದು ಎಡವಟ್ಟು ಆಯ್ತು. ಆಯಿಲ್ ಬದಲಾಯಿಸಿದೆ. ಹೊಸ ಆಯಿಲ್ 900 ಮಿಲಿಯ ಡಬ್ಬ, ಕೆಳಗಿನ ಡ್ರೈನ್ ಬೋಲ್ಟಿಗೆ 17ರ ಸ್ಪ್ಯಾನರ್. ಹಳೇದು ಇಳಿಸಿದ್ದೂ ಸರಿ, ಹೊಸದು ತುಂಬಿದ್ದೂ ಸರಿ. ಮರುದಿನ ಬೋಲ್ಟಿನ ಕೆಳಗೆ ಒಂದು ಹನಿ ಕಾಣ್ತು. ಬಿಗಿ ಕಮ್ಮಿ ಆಗಿರಬೇಕು ಅಂತ ಉದ್ದನೆಯ ಪೈಪ್ ಸಿಗಿಸಿ ಸ್ಪ್ಯಾನರ್ ಎಳೆದೆ. ಗಟ್ಟಿ, ಇನ್ನೂ ಗಟ್ಟಿ, ಆಮೇಲೆ ಒಮ್ಮೆಲೇ ಹಗುರ. ಆ ಹಗುರ ಅನುಭವಿಸಿದವರಿಗೇ ಗೊತ್ತು. ಬೋಲ್ಟು ಉಕ್ಕು, ಇಂಜಿನ್ ಮೈ ಅಲ್ಯೂಮಿನಿಯಂ. ಇಬ್ಬರ ಜಗಳದಲ್ಲಿ ಸೋಲೋದು ಯಾವಾಗಲೂ ಇಂಜಿನ್ನಿನ ತ್ರೆಡ್ಡೇ, ಬೋಲ್ಟು ಕಚ್ಚಿ ಕೂರುವ ಸುತ್ತುಗೆರೆ.

ಗಾಡಿ ತಳ್ಳಿಕೊಂಡು ನಮ್ಮ ಮೆಕ್ಯಾನಿಕ್ ಹತ್ತಿರ ಹೋದೆ. ಬಗ್ಗಿ ನೋಡಿ, “ಎಂತ ಮಾರಾಯ, ಬಾವಿ ಪಂಪಿನ ಫೌಂಡೇಶನ್ ಬೋಲ್ಟ್ ಅಂದ್ಕೊಂಡ್ಯಾ?” ಅಂದ. ಹೊಸ ತ್ರೆಡ್ ಹೊಡೆದು ಓವರ್‌ಸೈಜ್ ಬೋಲ್ಟ್ ಹಾಕಿಕೊಟ್ಟ. ಹನಿ ಬಂದದ್ದು ಬೋಲ್ಟು ಸಡಿಲ ಇದ್ದಿದ್ದಕ್ಕಲ್ಲ, ಅದರ ವಾಷರ್ ಹಳೇದಾಗಿದ್ದಕ್ಕೆ. ಐದೋ ಹತ್ತೋ ರೂಪಾಯಿಯ ವಸ್ತು. ಈಗ ಪ್ರತಿ ಸಲವೂ ಹೊಸ ವಾಷರ್. ಬೋಲ್ಟನ್ನು ಮೊದಲು ಬೆರಳಲ್ಲೇ ತಿರುಗಿಸೋದು, ಕೊನೆಗೆ ಸ್ಪ್ಯಾನರನ್ನು ಬುಡದ ಹತ್ತಿರ ಹಿಡಿದು ಒಂದು ಒತ್ತು. ಪೈಪನ್ನು ಬಾವಿ ಪಂಪಿಗೇ ವಾಪಸ್ ಕೊಟ್ಟೆ.

ಮಳೆಯಲ್ಲಿ ಸ್ಟಾರ್ಟ್ ಆಗದಿದ್ದರೆ ಈಗ ಮೊದಲು ಸ್ಪಾರ್ಕ್ ಪ್ಲಗ್ ಕ್ಯಾಪ್ ತೆಗೆದು ಒರೆಸ್ತೀನಿ. ಹತ್ತರಲ್ಲಿ ಏಳು ಸಲ ಅಷ್ಟರಲ್ಲೇ ಮುಗಿಯುತ್ತೆ. ಆಗದಿದ್ದರೆ ಕಾರ್ಬುರೇಟರ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲ ಮಾಡಿ ಬಾಟಲಿ ಮುಚ್ಚಳಕ್ಕೆ ಸ್ವಲ್ಪ ಪೆಟ್ರೋಲ್ ಇಳಿಸಿ ನೋಡೋದು. ನೀರಿದ್ದರೆ ತಳದಲ್ಲಿ ಮಣಿಯ ಹಾಗೆ ಬೇರೆಯಾಗಿ ಕಾಣುತ್ತೆ. ಹಳ್ಳ ದಾಟಿದ ಮೇಲೆ ನೂರು ಮಾರು ದೂರ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಹೋಗ್ತೀನಿ, ಒಳಗಿನ ನೀರು ಒಣಗಲಿ ಅಂತ. ಘಾಟಿಯ ಆ ಒಂದು ತಿರುವು ಕಲಿಸಿದ್ದು ಇದು.

ಟೈರ್ ಗಾಳಿಯನ್ನು ಒಬ್ಬನೇ ಹೋಗುವಾಗ ಮುಂದೆ 25, ಹಿಂದೆ 28 ಪಿಎಸ್‌ಐ ಇಡ್ತೀನಿ. ಪಂಕ್ಚರ್ ಹಾಕೋಕೆ ಕಲಿತಿಲ್ಲ, ಕಲಿಯುವ ಆಸೆಯೂ ಇಲ್ಲ. ಇಂಜಿನ್ ಹೆಡ್ಡಿಗೂ ಕೈ ಹಾಕಲ್ಲ.

ಆ ಹಿತ್ತಾಳೆ ಕನೆಕ್ಟರ್ ಇನ್ನೂ ಸೀಟಿನ ಕೆಳಗೆ ಇದೆ, ಮಡಚಿದ ವೈರಿನ ಚೂರು ಹಾಗೇ ಕಚ್ಚಿಕೊಂಡಿದೆ. ಹೋದ ಭಾನುವಾರ ಕೇಬಲ್ ಬಿಚ್ಚಿದಾಗ ಗುಂಡಿನ ಬುಡದಲ್ಲಿ ಒಂದೇ ಒಂದು ಎಳೆ ಹರಿದು ಮುಳ್ಳಿನ ಹಾಗೆ ನಿಂತಿತ್ತು. ಬೆರಳಿಗೂ ಚುಚ್ಚಿತು. ಆ ಕೇಬಲ್ ತೆಗೆದುಹಾಕಿ, ಪಕ್ಕದಲ್ಲಿ ಕಟ್ಟಿಟ್ಟಿದ್ದನ್ನು ಜೋಡಿಸಿದೆ. ಈಗ ಮುಂದಿನ ಚಕ್ರದಿಂದ ಕಟ ಕಟ ಅಂತ ಒಂದು ಸದ್ದು ಶುರುವಾಗಿದೆ, ಬ್ರೇಕ್ ಹಿಡಿದಾಗ ಮಾತ್ರ. ಭಟ್ಟರು ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್, ಅಂತಾರೆ. ನಾಳೆ ಕೊಪ್ಪಕ್ಕೆ ಹೋಗುವ ಕೆಲಸ ಇತ್ತು, ನಾಡಿದ್ದಿಗೆ ಹಾಕಿದ್ದೀನಿ. ಮೊದಲು ಮೆಕ್ಯಾನಿಕ್ ಹತ್ತಿರ.